ಮನೆ ಬಿಟ್ಟ ಸನ್ಯಾಸಿ

ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನಮಗೆ ಏಡಿಯು ಅಪರೂಪದ ಪ್ರಾಣಿಯಲ್ಲ. ತುಳುವಿನಲ್ಲಿ ಡೆಂಜಿ, ಮಲಯಾಳದಲ್ಲಿ ಞಂಡ್, ಕನ್ನಡದಲ್ಲಿ ಏಡಿ ಎಂದು ಮೂರು ಭಾಷೆಗಳಲ್ಲಿ ಅದನ್ನು ಕರೆಯುತ್ತೇವೆ. ಸಾರು ಮಾಡಿ ಉಣ್ಣುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಬೆನ್ನ ಮೇಲೆ ಶಂಖವನ್ನು ಹೊತ್ತು, ಮರಳಿನಲ್ಲಿ ಗೆರೆ ಎಳೆಯುತ್ತ ಸಾಗುವ ಪುಟ್ಟ ಏಡಿಯೊಂದಿದೆ. “ಶಂಖ ನಡೆಯುತ್ತಿದೆ!” ಎಂದು ಕೂಗಿ ಅದರ ಹಿಂದೆ ಓಡದ ಮಕ್ಕಳು ಮಂಜೇಶ್ವರದಿಂದ ಬೇಕಲದವರೆಗಿನ ಕಡಲ ಕರೆಯಲ್ಲಿ ಇರಲಾರರು. ಅದೇ ಸನ್ಯಾಸಿ ಏಡಿ.

ಸನ್ಯಾಸಿ ಎಂಬ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಅದಕ್ಕೆ ಸ್ವಂತ ಮನೆಯೆಂಬುದಿಲ್ಲ. ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪೇ ಅದಕ್ಕೆ ಆಶ್ರಯ. ಭಾರತದ ಕಡಲತೀರಗಳಲ್ಲಿ ಕಾಣುವ ಈ ಏಡಿಗಳ ಒಂದು ಪಂಗಡಕ್ಕೆ ವಿಜ್ಞಾನಿಗಳು ‘ಡಯೋಜನೀಸ್’ ಎಂದು ಹೆಸರಿಟ್ಟಿದ್ದಾರೆ. ದೊಡ್ಡ ಮಣ್ಣಿನ ಹಂಡೆಯೊಂದರಲ್ಲಿ ವಾಸಿಸುತ್ತಿದ್ದನೆಂದು ಹೇಳಲಾಗುವ ಗ್ರೀಸ್ ದೇಶದ ವಿರಕ್ತ ತತ್ತ್ವಜ್ಞಾನಿಯ ಹೆಸರದು. ದೇಶ ಬೇರೆಯಾದರೂ ಹೆಸರಿಟ್ಟವರ ಕಲ್ಪನೆ ಒಂದೇ ಎಂಬುದು ಸ್ವಾರಸ್ಯದ ಸಂಗತಿಯಲ್ಲವೇ?

ಈ ಪ್ರಾಣಿಗೆ ಪರರ ಚಿಪ್ಪೇಕೆ? ಬೇರೆ ಏಡಿಗಳಿಗೆ ಮೈಯೆಲ್ಲ ಗಟ್ಟಿ ಕವಚವಿರುತ್ತದೆ. ಸನ್ಯಾಸಿ ಏಡಿಗಾದರೋ ಮುಂಭಾಗಕ್ಕೆ ಮಾತ್ರ ಕವಚ. ಹೊಟ್ಟೆಯ ಭಾಗ ಮೆತ್ತಗೆ, ಬಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಬಹುತೇಕ ಶಂಖಗಳ ಸುರುಳಿಯೂ ಬಲಕ್ಕೇ ತಿರುಗುವುದರಿಂದ ದೇಹ ಅದರೊಳಗೆ ಸರಿಯಾಗಿ ಕೂರುತ್ತದೆ. ಅದರ ಹತ್ತು ಕಾಲುಗಳಲ್ಲಿ ಮೊದಲ ಜೋಡಿ ಇಕ್ಕಳದಂಥ ಕೈಗಳು, ನಂತರದ ಎರಡು ಜೋಡಿ ನಡೆಯಲಿಕ್ಕೆ, ಕೊನೆಯ ಎರಡು ಪುಟ್ಟ ಜೋಡಿಗಳು ಚಿಪ್ಪನ್ನು ಒಳಗಿನಿಂದ ಹಿಡಿದುಕೊಳ್ಳಲಿಕ್ಕೆ. ಬಾಲದ ತುದಿಯಲ್ಲಿಯೂ ಕೊಕ್ಕೆಯಂಥ ಅಂಗಗಳಿವೆ. ಹೀಗೆ ಹಿಡಿದುಕೊಂಡ ಏಡಿಯನ್ನು ಎಳೆದು ತೆಗೆಯಹೋದರೆ ಅದರ ಮೈ ಹರಿದೀತೇ ಹೊರತು ಹಿಡಿತ ಸಡಿಲವಾಗದು.

ಇಷ್ಟು ಭದ್ರವಾಗಿ ಮನೆಯನ್ನು ಹಿಡಿದುಕೊಳ್ಳುವ ಪ್ರಾಣಿ ತಾನಾಗಿ ಮನೆಯನ್ನು ಬಿಟ್ಟು ಬಂದಿದೆಯೆಂದರೆ, ಅದಕ್ಕೆ ಎಂತಹ ಸಂಕಟ ಬಂದಿರಬೇಕು! ಅಂತಹ ಒಂದು ಏಡಿಯ ಶುಶ್ರೂಷೆ ಮಾಡುವ ಅವಕಾಶ ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮಗೆ ಒದಗಿತು.

ನಾವು ಎಂದರೆ ಒಂಬತ್ತನೆಯ ತರಗತಿಯ ಐವರು ಗೆಳತಿಯರು. ನಮ್ಮ ನೆರೆಮನೆಯ ಪುಟ್ಟ ಹುಡುಗನೊಬ್ಬ ಕಡಲಿನಿಂದ ಎರಡು ಸನ್ಯಾಸಿ ಏಡಿಗಳನ್ನು ಹಿಡಿದು ತಂದಿದ್ದನು. ಉಪ್ಪಿನಕಾಯಿಯ ಹಳೆಯ ಬಾಟಲಿಗೆ ನಳ್ಳಿಯ ನೀರು ತುಂಬಿಸಿ, ಅಡುಗೆಮನೆಯ ಉಪ್ಪು ಬೆರೆಸಿ, ಮುಚ್ಚಳ ಬಿಗಿದು ಕಿಟಕಿಯ ಬಿಸಿಲಿನಲ್ಲಿಟ್ಟಿದ್ದನು. ಮರುದಿನ ಬೆಳಗ್ಗೆ ಅವನು ಅಳುತ್ತ ಓಡಿಬಂದನು. “ಅಕ್ಕಾ, ಏಡಿಯ ಬಟ್ಟೆ ಬಿಚ್ಚಿಹೋಯಿತು!” ಹೋಗಿ ನೋಡಿದರೆ ಒಂದು ಏಡಿ ಆಗಲೇ ಸತ್ತು ವಾಸನೆ ಬರುತ್ತಿತ್ತು. ಇನ್ನೊಂದು ಚಿಪ್ಪಿನಿಂದ ಹೊರಗೆ ಬಂದು, ಬೋಳು ಹೊಟ್ಟೆಯನ್ನು ಮುದುಡಿಕೊಂಡು ಬಾಟಲಿಯ ಮೂಲೆಯಲ್ಲಿ ಬಿದ್ದಿತ್ತು. ಮೀಸೆ ಮಾತ್ರ ಮೆಲ್ಲಗೆ ಅಲುಗುತ್ತಿತ್ತು.

ಏನು ಮಾಡುವುದು? ನಮ್ಮಲ್ಲೇ ಎರಡು ಅಭಿಪ್ರಾಯಗಳಾದುವು. ಕೂಡಲೇ ಕಡಲಿಗೆ ಬಿಟ್ಟುಬಿಡೋಣ ಎಂದರು ಇಬ್ಬರು. ಬೋಳು ಮೈಯಲ್ಲಿ ಬಿಟ್ಟರೆ ಮೊದಲ ಮೀನಿನ ಬಾಯಿಗೇ ಅದು ಆಹಾರವಾಗುತ್ತದೆ ಎಂದರು ಉಳಿದವರು. ಕೊನೆಗೆ ಕೈರಂಪಣಿ ಬಲೆ ಎಳೆಯುವ ಹಿರಿಯರೊಬ್ಬರ ಬಳಿಗೆ ಹೋದೆವು. ಅವರು ಬಾಟಲಿಯನ್ನು ನೋಡಿ, “ನೀರು ಹಳತಾದರೆ ಅದು ಮನೆಯಲ್ಲಿ ಕೂರುವುದಿಲ್ಲ ಮಕ್ಕಳೇ. ಉಸಿರು ಕಟ್ಟಿದವ ಬಾಗಿಲು ತೆರೆದು ಹೊರಗೆ ಓಡುವುದಿಲ್ಲವಾ? ಮೊದಲು ಒಳ್ಳೆಯ ನೀರು ಕೊಡಿ, ಮತ್ತೆ ಮನೆ ಕೊಡಿ” ಎಂದರು. ನಮ್ಮ ವಿಜ್ಞಾನದ ಅಧ್ಯಾಪಿಕೆಯವರೂ ಅದೇ ಮಾತನ್ನು ಪುಸ್ತಕದ ಭಾಷೆಯಲ್ಲಿ ವಿವರಿಸಿದರು. ನಮ್ಮ ತೀರದ ಈ ಏಡಿಗಳು ಕಿವಿರುಗಳಿಂದ ಉಸಿರಾಡುತ್ತವೆ. ಮುಚ್ಚಿದ ಬಾಟಲಿಯ ನೀರಿನಲ್ಲಿ ಆಮ್ಲಜನಕ ಬೇಗನೆ ಮುಗಿಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇನ್ನೂ ಕಡಿಮೆ. ನಳ್ಳಿಯ ನೀರಿಗೆ ಬೆರೆಸುವ ಕ್ಲೋರಿನ್ ಕಿವಿರುಗಳಿಗೆ ಕೇಡು. ಕಡಲ ನೀರಿನ ಲೀಟರೊಂದರಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಆದರೆ ಅವೆಲ್ಲ ಅಡುಗೆಯ ಉಪ್ಪೊಂದೇ ಅಲ್ಲ. ಆದುದರಿಂದ ಮನೆಯಲ್ಲಿ ಕದಡಿದ ಉಪ್ಪುನೀರು ಕಡಲಾಗಲಾರದು.

ಕೂಡಲೇ ನಾವು ಅಗಲವಾದ ಮಣ್ಣಿನ ಚಟ್ಟಿಯೊಂದನ್ನು ತೊಳೆದು, ಅಡಿಯಲ್ಲಿ ಕಡಲ ಮರಳು ಹರಡಿ, ಎರಡು ಬೆರಳಷ್ಟು ಕಡಲ ನೀರು ಹೊಯ್ದೆವು. ಕಾಲಿಗೆ ಹಿಡಿತ ಸಿಗದ ನುಣುಪು ಪಾತ್ರೆಯಲ್ಲಿ ಏಡಿ ಬಳಲುತ್ತದೆ, ಆದುದರಿಂದಲೇ ಮರಳು. ಕೈಯಿಂದ ಮುಟ್ಟದೆ, ಚಿಪ್ಪಿಲ್ಲದ ಏಡಿಯನ್ನು ತೆಂಗಿನ ಗೆರಟೆಯಲ್ಲಿ ನೀರಿನ ಸಮೇತ ಎತ್ತಿ ಚಟ್ಟಿಗೆ ಇಳಿಸಿದೆವು. ಬೆಳಕಿಗೆ ಅದು ಹೆದರಬಾರದೆಂದು ಅರ್ಧ ಭಾಗಕ್ಕೆ ತೆಳುಬಟ್ಟೆ ಮುಚ್ಚಿ, ಚಾವಡಿಯ ನೆರಳಿನಲ್ಲಿಟ್ಟೆವು. ಹಗಲಿನಲ್ಲಿ ಮೂರು ಬಾರಿ ಹೊಸ ಕಡಲ ನೀರು ತಂದು ಬದಲಿಸಿದೆವು.

ಇನ್ನು ಮನೆಯ ಮಾತು. ಅದು ಬಿಟ್ಟುಬಂದ ಚಿಪ್ಪಿನಲ್ಲಿ ಕೊಳೆತ ವಾಸನೆಯಿತ್ತು. ಅದನ್ನು ಕುದಿಸಿ, ತೊಳೆದು ಆರಿಸಿದೆವು. ಅದರೊಂದಿಗೆ ತೂತಿಲ್ಲದ, ಅಂಚು ಒಡೆಯದ ನಾಲ್ಕು ಶಂಖಗಳನ್ನೂ ಹಾಗೆಯೇ ಶುದ್ಧಮಾಡಿ ಸುತ್ತಲೂ ಇಟ್ಟೆವು. ಒಂದು ಕೊಂಚ ಸಣ್ಣದು, ಎರಡು ಹಳೆಯದರಷ್ಟೇ, ಒಂದು ಕೊಂಚ ದೊಡ್ಡದು. ಏಡಿ ಒಳಗೆ ಸರಿದಾಗ ಅದರ ದೊಡ್ಡ ಕೈ ಬಾಗಿಲಿನಂತೆ ಬಾಯಿಯನ್ನು ಮುಚ್ಚುವಷ್ಟಿದ್ದರೆ ಆ ಚಿಪ್ಪು ಸರಿಯಾದ ಅಳತೆಯದು. ನಾವು ಆರಿಸಿಕೊಡಬಹುದು, ಆದರೆ ತುರುಕಬಾರದು. ಒಪ್ಪುವುದೂ ಬಿಡುವುದೂ ಅದರ ಇಷ್ಟ.

ಆ ಸಂಜೆಯವರೆಗೂ ಅದು ಅಲುಗಲಿಲ್ಲ. ಹುಡುಗನು ಗಳಿಗೆಗೊಮ್ಮೆ ಬಂದು, “ಸತ್ತಿತಾ ಅಕ್ಕಾ?” ಎಂದು ಕೇಳುತ್ತಿದ್ದನು. ಬಟ್ಟೆ ಎತ್ತಿ ಎತ್ತಿ ನೋಡುವುದೇ ಅದಕ್ಕೆ ದೊಡ್ಡ ಕಿರುಕುಳವೆಂದು ಹೇಳಿ ಅವನನ್ನು ಸಮಾಧಾನಪಡಿಸಿದೆವು. ಏನೂ ಮಾಡದೆ ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ನಮಗೆ ಅಂದು ತಿಳಿಯಿತು.

ರಾತ್ರಿ ಊಟವಾದ ಮೇಲೆ ಚಿಮಿಣಿಯಷ್ಟೇ ಮಂದವಾದ ಬೆಳಕಿನಲ್ಲಿ ದೂರದಿಂದ ಇಣುಕಿದೆವು. ಏಡಿ ಎದ್ದಿತ್ತು! ಮೊದಲು ಸಣ್ಣ ಶಂಖವನ್ನು ಉರುಳಿಸಿ ಬಿಟ್ಟಿತು. ನಂತರ ದೊಡ್ಡದರ ಬಳಿ ಹೋಗಿ, ಕೈಯನ್ನು ಒಳಗೆ ತೂರಿಸಿ ಅಳತೆ ನೋಡಿತು, ತಿರುಗಿಸಿತು, ಮರಳು ತೆಗೆದಿತು. ವರಾನ್ವೇಷಣೆಗೆ ಬಂದ ಹಿರಿಯರೂ ಅಷ್ಟು ವಿಚಾರ ಮಾಡಲಾರರು! ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಟ್ಟೆಯನ್ನು ಹಿಂದಿನಿಂದ ಒಳಕ್ಕೆ ಸೇರಿಸಿ ಕುಳಿತುಬಿಟ್ಟಿತು. ನಮ್ಮ ಹರ್ಷೋದ್ಗಾರಕ್ಕೆ ಮನೆಯವರೆಲ್ಲ ಎದ್ದು ಬಂದರು.

ಮರುದಿನ ಮೀನಿನ ಚೂರೊಂದನ್ನು ಕೊಟ್ಟೆವು, ತಿಂದಿತು. ಮಿಕ್ಕುದನ್ನು ನೀರು ಕೆಡದಂತೆ ತೆಗೆದುಹಾಕಿದೆವು. ಎರಡನೆಯ ದಿನ ಅದು ಚುರುಕಾಗಿ ಓಡಾಡತೊಡಗಿದಾಗ, ಹಿಡಿದ ಜಾಗದಲ್ಲಿಯೇ ಬಿಡಲು ಹೊರಟೆವು. “ಗುಣವಾಯಿತಲ್ಲ, ಇನ್ನು ನನ್ನಲ್ಲೇ ಇರಲಿ” ಎಂದು ಹುಡುಗ ಹಠ ಹಿಡಿದನು. ಅವನ ಅಜ್ಜಿ ಅವನ ತಲೆ ನೇವರಿಸಿ, “ನಿನ್ನನ್ನು ಯಾರಾದರೂ ಬಾಟಲಿಯಲ್ಲಿಟ್ಟು ಸಾಕಿದರೆ ನಿನ್ನ ಅಮ್ಮ ಒಪ್ಪುವಳೇ ಮಗಾ?” ಎಂದರು. ಹುಡುಗನೇ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ನೀರಂಚಿನಲ್ಲಿ ಇಳಿಸಿದನು.

ಲಕ್ಷದ್ವೀಪ, ಅಂಡಮಾನ್ ದ್ವೀಪಗಳಲ್ಲಿ ನೆಲದ ಮೇಲೆಯೇ ಬಾಳುವ ಸನ್ಯಾಸಿ ಏಡಿಗಳಿವೆ. ಅವಕ್ಕೆ ತೇವವಾದ ಗಾಳಿ ಬೇಕು. ಒಣಗಾಳಿಯಲ್ಲಿ ಕಿವಿರು ಒಣಗಿ ಸಾಯುತ್ತವೆ. ಪೊರೆ ಕಳಚುವಾಗ ಮರಳಿನೊಳಗೆ ವಾರಗಟ್ಟಲೆ ಹುದುಗಿರುತ್ತವೆ. ಅಮೆರಿಕದಂಥ ದೇಶಗಳಲ್ಲಿ ಇಂತಹ ನೆಲದ ಏಡಿಗಳನ್ನು ಚಿಪ್ಪಿಗೆ ಬಣ್ಣ ಬಳಿದು ಸಾಕಲು ಮಾರುತ್ತಾರೆ. ಅವು ಮನೆಯಲ್ಲಿ ಮರಿಯಾಗುವುದು ತೀರ ಅಪರೂಪ; ಹೆಚ್ಚುಕಡಿಮೆ ಎಲ್ಲವೂ ಕಡಲಕರೆಯಿಂದ ಹಿಡಿದು ತಂದವುಗಳೇ.

ಮನೆ ಕಳೆದುಕೊಳ್ಳುವ ಏಡಿಗಳು ಬಾಟಲಿಯಲ್ಲಿ ಮಾತ್ರವಿಲ್ಲ. ನಾವು ಕಪಾಟಿನ ಅಲಂಕಾರಕ್ಕೆಂದು ಹೆಕ್ಕಿ ತರುವ ಪ್ರತಿಯೊಂದು ಶಂಖವೂ ಯಾವುದೋ ಏಡಿಯ ನಾಳಿನ ಮನೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪೋಲೆಂಡಿನ ವಿಜ್ಞಾನಿಗಳು ಪ್ಲಾಸ್ಟಿಕ್ ಮುಚ್ಚಳ ಮುಂತಾದ ಕಸವನ್ನೇ ಚಿಪ್ಪಿನಂತೆ ಹೊತ್ತ 386 ನೆಲದ ಸನ್ಯಾಸಿ ಏಡಿಗಳನ್ನು ಚಿತ್ರಗಳಲ್ಲಿ ಗುರುತಿಸಿದರು. 2019ರಲ್ಲಿ ಪ್ರಕಟವಾದ ಇನ್ನೊಂದು ವರದಿ ಮತ್ತಷ್ಟು ದುಃಖಕರ. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಸನ್ಯಾಸಿ ಏಡಿಗಳು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಸಿಕ್ಕಿಕೊಂಡಿವೆಯೆಂದು ಅದು ಅಂದಾಜು ಮಾಡಿತು. ಒಂದು ಏಡಿ ಬಾಟಲಿಯೊಳಗೆ ಸತ್ತರೆ ಅದರ ವಾಸನೆ, ‘ಇಲ್ಲಿ ಒಂದು ಚಿಪ್ಪು ಖಾಲಿಯಿದೆ’ ಎಂದು ಇತರ ಏಡಿಗಳಿಗೆ ಸಾರುತ್ತದೆ. ಮನೆಯ ಆಸೆಯಿಂದ ಬಂದ ಅವೂ ಒಳಗೆ ಬಿದ್ದು, ನುಣುಪು ಗೋಡೆ ಏರಲಾರದೆ ಸಾಯುತ್ತವೆ.

ಸಹಪಾಠಿಗಳೇ, ಕಡಲ ಕರೆಗೆ ಹೋದಾಗ ಏಡಿಯನ್ನು ನೋಡಿರಿ, ಅದರ ಹಿಂದೆ ಓಡಿರಿ. ಆದರೆ ಹಿಡಿದು ತರಬೇಡಿರಿ. ಶಂಖ ಸಿಕ್ಕರೆ ಕೈಯಲ್ಲಿ ಹಿಡಿದು ಸಂತೋಷಪಟ್ಟು ಅಲ್ಲಿಯೇ ಇಡಿರಿ. ಬಾಟಲಿ ಸಿಕ್ಕರೆ ಮಾತ್ರ ಮನೆಗೆ ತನ್ನಿರಿ. ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿ: ನಿಮ್ಮ ಮಗು ಸಂಕಟದಲ್ಲಿರುವ ಪ್ರಾಣಿಯೊಂದನ್ನು ಮನೆಗೆ ತಂದರೆ “ಎಸೆದು ಬಾ” ಎಂದು ಗದರಿಸಬೇಡಿರಿ. ಒಂದು ಹಳೆಯ ಚಟ್ಟಿಯನ್ನೂ ಒಂದು ದಿನದ ಸಮಯವನ್ನೂ ಕೊಡಿರಿ. ಆ ಜೀವವನ್ನು ಅದರ ಸ್ಥಳಕ್ಕೆ ಮರಳಿಸುವಾಗ ಮಗುವಿನ ಜೊತೆಗೆ ನೀವೂ ಬನ್ನಿರಿ.