ಹೊಸಕಿದವರ ಕೈಗೆ ನಾತ

ಮನೆಯೊಳಗಿನ ಹುಳುಗಳ ಗುರುತು ಹಿಡಿಯಲು ಕಣ್ಣಿಗಿಂತ ಮೂಗು ವಾಸಿ. ನಡುರಾತ್ರಿ ಮೈಯಡಿಗೆ ಏನೋ ಒಡೆದು, ಹಳಸಿದ ಕೊತ್ತಂಬರಿ ಸೊಪ್ಪಿನಂಥ ಗಬ್ಬು ಎದ್ದರೆ ದೀಪ ಹಾಕಿ ನೋಡಬೇಕಾಗಿಲ್ಲ, ಅದು ತಿಗಣೆಯೇ. ಪಾತ್ರೆ ಕಪಾಟು ತೆರೆದೊಡನೆ ಜಿಡ್ಡುಜಿಡ್ಡು ಮುಗ್ಗಲು ನಾತ ಬಡಿದರೆ ಹಿಂದೆಲ್ಲೋ ಜಿರಳೆಯ ಸಂಸಾರವಿದೆ. ಸಕ್ಕರೆ ಡಬ್ಬಿಯ ಸುತ್ತ ಓಡಾಡುವ, ತಲೆ ಕಪ್ಪಾಗಿ ಹೊಟ್ಟೆ ಬಿಳಿಚಿಕೊಂಡ ಚಿಕ್ಕ ಇರುವೆಯನ್ನು ಬೆರಳಲ್ಲಿ ತಿಕ್ಕಿದರೆ ಕೆಟ್ಟ ಕೊಬ್ಬರಿಯ ವಾಸನೆ. ಮೂಸಿ ನೋಡಲು ಮನಸ್ಸಿಲ್ಲದವರು ನನ್ನ ಮಾತನ್ನೇ ನಂಬಬಹುದು.

ಕೊತ್ತಂಬರಿಯ ಹೆಸರು ಸುಮ್ಮನೆ ಬಂದದ್ದಲ್ಲ. ಆ ಸೊಪ್ಪಿನ ಘಮಕ್ಕೂ ತಿಗಣೆ ಕುಲದ ನಾತಕ್ಕೂ ಕಾರಣ ಆಲ್ಡಿಹೈಡ್ ಎಂಬ ಒಂದೇ ಬಳಗದ ರಾಸಾಯನಿಕಗಳು. ಸಾರಿನ ಬಟ್ಟಲಲ್ಲಿ ಬಾಯಲ್ಲಿ ನೀರೂರಿಸುವುದೇ ಹಾಸಿಗೆಯಲ್ಲಿ ಹೊಟ್ಟೆ ತೊಳಸುತ್ತದೆ.

ಗದ್ದೆಯಂಚಿನ ಮನೆಗಳಿಗೆ ಇನ್ನೊಬ್ಬ ಅತಿಥಿ. ಭತ್ತದ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಜಗಲಿಯ ದೀಪಕ್ಕೆ ನೀಳ ಕಾಲು, ನೀಳ ಮೀಸೆಯ, ಹಸಿರುಗಂದು ಬಣ್ಣದ ಸಪೂರ ಹುಳ ಬರುತ್ತದೆ. ಇದೇ ತೆನೆ ತಿಗಣೆ. ಕಾಳಿನ ಹಾಲು ಹೀರಿ ಭತ್ತವನ್ನು ಜೊಳ್ಳು ಮಾಡುವುದು ಇದರ ಕಸುಬು; ಉಣ್ಣುವವರ ತಟ್ಟೆಗೆ ಬೀಳುವುದು ಹವ್ಯಾಸ. ನಾತದ ಗ್ರಂಥಿ ಬಾಯಿ ತೆರೆಯುವುದು ಇದರ ಎದೆಯ ಅಡಿಯಲ್ಲಿ, ಕಾಲುಗಳ ಬುಡದ ಬಳಿ. ಶತ್ರು ಬಾಯಿ ಹಾಕಿದಾಗ ಹೊರಬಿಡಲೆಂದು ಇಟ್ಟುಕೊಂಡ ಸರಕು ಅದು. ನಾವು ಚಪ್ಪಲಿ ಎತ್ತುತ್ತೇವೆ. ಹುಳ ಸಾಯುತ್ತದೆ, ಸರಕು ಗೋಡೆಗೂ ಚಪ್ಪಲಿಗೂ ಅಂಟುತ್ತದೆ. “ಹೊಸಕ್ಬೇಡ್ವೋ, ರಟ್ಟಿನ ಮೇಲೆ ಹತ್ತಿಸ್ಕೊಂಡು ಹೊರಗೆ ಹಾಕೋ” ಎಂದು ಅಜ್ಜಿಯಂದಿರು ಕೂಗುವಷ್ಟರಲ್ಲಿ ಮೊಮ್ಮಗನ ಕೈ ನಾರುತ್ತಿರುತ್ತದೆ. ದೀಪದ ಕೆಳಗೆ ಅಗಲ ಬೋಗುಣಿಯಲ್ಲಿ ಸೋಪು ನೀರಿಟ್ಟರೂ ಆದೀತು. ಬರಿ ನೀರಿನ ಮೇಲೆ ತೇಲುವ ಹುಳ ಸೋಪು ನೀರಿನಲ್ಲಿ ಮುಳುಗುತ್ತದೆ. ಬಿಳಿ ಟ್ಯೂಬ್‌ಲೈಟಿಗಿಂತ ಹಳದಿ ಬಲ್ಬಿಗೆ ಬರುವ ಹುಳು ಕಡಿಮೆ. ದೀಪ ಆರಿಸುವುದೇ ಎಲ್ಲಕ್ಕಿಂತ ಅಗ್ಗದ ಮದ್ದು, ಆದರೆ ಊಟದ ಹೊತ್ತಿಗೆ ಅದಕ್ಕೆ ಯಾರೂ ಒಪ್ಪುವುದಿಲ್ಲ.

ಕೇರಳದ ರಬ್ಬರ್ ತೋಟದವರ ಪಾಡು ಕೇಳಿದರೆ ನಮ್ಮದೇನೂ ಅಲ್ಲ. ಅಲ್ಲಿ ಬೇಸಿಗೆ ಮಳೆ ಬಿದ್ದೊಡನೆ ತರಗೆಲೆಯಡಿಯ ಮುಪ್ಲಿ ದುಂಬಿಗಳು ಲಕ್ಷಗಟ್ಟಲೆ ಮನೆಗಳಿಗೆ ನುಗ್ಗಿ ಹೆಂಚಿನ ಸಂದಿ, ಅಟ್ಟ ಹಿಡಿಯುತ್ತವೆ. ಕೈಗೆ ಸಿಕ್ಕರೆ ನಾತದ ಜೊತೆಗೆ ಚರ್ಮಕ್ಕೆ ಉರಿ ಬೇರೆ.

ಹಟಮಾರಿತನದಲ್ಲಿ ಮಾತ್ರ ತಿಗಣೆಯನ್ನು ಮೀರಿಸುವವರಿಲ್ಲ. ಹಿಂದಿನವರು ಮಂಚವನ್ನು ಅಂಗಳಕ್ಕೆಳೆದು ಸಂದುಸಂದಿಗೆ ಕುದಿನೀರು ಹುಯ್ಯುತ್ತಿದ್ದರು. ಅದು ಒಳ್ಳೆಯ ಶಾಸ್ತ್ರವೇ: 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಹುಳವೂ ಉಳಿಯದು, ಮೊಟ್ಟೆಯೂ ಉಳಿಯದು. ಆಮೇಲೆ ಡಿಡಿಟಿ ಬಂತು. ಕೆಲಕಾಲ ನೆಮ್ಮದಿ, ಅಷ್ಟರಲ್ಲಿ ತಿಗಣೆ ಅದನ್ನೂ ಅರಗಿಸಿಕೊಂಡಿತು. ರಕ್ತ ಸಿಗದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ. ಮನೆಗೆ ಬೀಗ ಹಾಕಿ ಊರಿಗೆ ಹೋದವರು ಮರಳಿದಾಗ ಹಸಿದು ಕಾದಿರುತ್ತದೆ. ಹಾಸಿಗೆಯನ್ನು ಮಾಳಿಗೆಯ ಬಿಸಿಲಿಗೆ ಹರಡಿ ಕೆಳಗಿಳಿದು ಬರುವವರು ಒಂದನ್ನು ಮರೆಯುತ್ತಾರೆ: ಮೇಲೆ ಸುಟ್ಟಾಗ ತಿಗಣೆ ತಣ್ಣನೆಯ ಅಡಿಮೈಗೆ ಇಳಿದುಕೊಳ್ಳುತ್ತದೆ. ಮಗುಚಿ ಹಾಕಲು ಮತ್ತೆ ಮೆಟ್ಟಿಲು ಹತ್ತಲೇಬೇಕು. ಹೊಲಿಗೆಯ ಅಂಚು, ಮಂಚದ ಕೀಲು, ಗೋಡೆಗೆ ತಾಗಿದ ತಲೆಹಲಗೆಗಳಿಗೆ ಬಿಸಿ ಹಬೆ ಹಿಡಿಯುವುದು ಈಗಿನವರ ಕುದಿನೀರು. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಜಿರಳೆಗೆ ಬೋರಿಕ್ ಪುಡಿ, ಮೈದಾ, ಸಕ್ಕರೆ ಕಲಸಿದ ಉಂಡೆ, ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ. ಇರುವೆಗೆ ಸ್ಪ್ರೇ ಹೊಡೆಯಬೇಡಿ. ಹಲವು ರಾಣಿಯರಿರುವ ಆ ಗೂಡು ಚದುರಿ ನಾಲ್ಕು ಕಡೆ ಬೀಡು ಬಿಡುತ್ತದೆ. ಇನ್ನು ಸಿಂಕಿನ ಜಾಲರಿಯ ಮೇಲೆ ನುಸಿಗುಳಿಗೆ ಇಡುವ ಪದ್ಧತಿ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ ಕಾಯುವ ವಸ್ತು, ಬಟಾಬಯಲಲ್ಲಿ ಜಿರಳೆಗೇನು ಮಾಡೀತು? ಅದು ಗುಳಿಗೆಯನ್ನು ಬಳಸಿಕೊಂಡು ಮೇಲೆ ಬರುತ್ತದೆ; ಕೈ ತೊಳೆಯಲು ಬಂದ ನೆಂಟರಷ್ಟೇ ಮೂಗು ಮುಚ್ಚಿಕೊಳ್ಳುತ್ತಾರೆ.