ಬೆಣ್ಣೆ ಮಾರುವವರ ಮಂಟಪ

ಇಂಗ್ಲೆಂಡಿನಲ್ಲಿರುವ ಅಣ್ಣನ ಮನೆಗೆ ಹೋಗಿದ್ದಾಗ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಊರನ್ನು ನೋಡುವ ಸುಯೋಗ ಒದಗಿತು. ಹಳೆಯ ಇಂಗ್ಲಿಷಿನಲ್ಲಿ ‘ಚಿಪ್ಪಿಂಗ್’ ಎಂದರೆ ಸಂತೆ. ಉಣ್ಣೆಯ ವ್ಯಾಪಾರದಿಂದ ಮೆರೆದ ಊರದು. ಮನೆಗಳೆಲ್ಲ ಜೇನುಬಣ್ಣದ ಕಲ್ಲಿನವು.

ನನ್ನನ್ನು ತಡೆದು ನಿಲ್ಲಿಸಿದ್ದು ಪೇಟೆಬೀದಿಯ ಸಂತೆಮಂಟಪ. ಬೆಣ್ಣೆ, ಚೀಸ್, ಕೋಳಿ ಮಾರುವವರು ಮಳೆಯಲ್ಲಿ ನೆನೆಯದಿರಲೆಂದು ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ಧನಿಕನು 1627ರಲ್ಲಿ ಕಟ್ಟಿಸಿದ್ದು. ಸುತ್ತಲೂ ಕಮಾನುಗಳು, ನೆಲಗಲ್ಲುಗಳು ಸವೆದು ತಗ್ಗುದಿಣ್ಣೆಯಾಗಿವೆ. ಅವನು ತನ್ನ ವಾಸಕ್ಕೆ ಕಟ್ಟಿಸಿದ ಮಹಲನ್ನು 1645ರ ಅಂತರ್ಯುದ್ಧದಲ್ಲಿ ರಾಜಪಕ್ಷದ ಸೈನಿಕರೇ ಸುಟ್ಟರು. ಬಡವರಿಗೆಂದು ಎತ್ತಿದ ಮಾಡು ಇಂದಿಗೂ ನಿಂತಿದೆ.

ನನ್ನ ತಾಯಿಯೂ ಬೆಣ್ಣೆಗಡಿಗೆ ಹೊತ್ತು ಸಂತೆಗೆ ಹೋಗುತ್ತಿದ್ದವಳು. ಮಳೆ ಬಂದರೆ ಸೆರಗನ್ನು ಗಡಿಗೆಗೆ ಹೊದಿಸಿ ತಾನು ನೆನೆಯುತ್ತಿದ್ದಳು. ನಮ್ಮೂರ ಸಂತೆಮಾಳಕ್ಕೆ ಇನ್ನೂ ಆಕಾಶವೇ ಮಾಡು.