ಬ್ಯೂಗಲ್ ರಾಕ್ ಮತ್ತು ನಾನು ಬಿಟ್ಟ ಒಂದು ಪದ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಬಸವನಗುಡಿ ಕಡೆಯ ಒಂದು ಶಾಲೆಯ ಏಳನೆಯ ತರಗತಿ. ಸ್ಥಳೀಯ ಇತಿಹಾಸದ ಪಾಠಕ್ಕೆ ಬ್ಯೂಗಲ್ ರಾಕ್ ಉದ್ಯಾನವನ್ನು ಆರಿಸಿಕೊಂಡೆ. ಶಾಲೆಯಿಂದ ನಡೆದೇ ಹೋಗಬಹುದಾದ ಜಾಗ. ಆ ಬಂಡೆಯ ಮಗ್ಗುಲಲ್ಲೇ ದೊಡ್ಡ ಗಣಪತಿ ಗುಡಿ, ಏಕಶಿಲೆಯ ದೊಡ್ಡ ಬಸವಣ್ಣ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಸೇರುವ ರಸ್ತೆ. ಇನ್ನೊಂದಿಷ್ಟು ನಡೆದರೆ ಗಾಂಧಿ ಬಜಾರ್.

ಹೊರಟ ದಿನ ಮಕ್ಕಳು ಮರದಲ್ಲಿ ತೂಗುತ್ತಿದ್ದ ಬಾವಲಿಗಳನ್ನು ಎಣಿಸಿದರು, ಡಿ.ವಿ.ಜಿ. ಪ್ರತಿಮೆಯ ಮುಂದೆ ನಿಂತರು, ಬಂಡೆ ಹತ್ತಿದರು. ಮೇಲಿನ ಕಾವಲು ಗೋಪುರದ ಬಳಿ, ಹಿಂದೆ ಇಲ್ಲಿ ಸಂಜೆ ಹೊತ್ತು ಕಹಳೆ ಊದುತ್ತಿದ್ದರೆಂದೂ ಅದರಿಂದಲೇ ಈ ಹೆಸರು ಬಂತೆಂದೂ ಹೇಳುವುದನ್ನು ತಿಳಿಸಿದೆ. ಕೊನೆಗೆ, "ನೀವು ನಿಂತಿರುವ ಬಂಡೆಗೆ 3000 ವರ್ಷ" ಎಂದೆ.

ತರಗತಿಗೆ ಮರಳಿ ಕಾಲರೇಖೆ ಮಾಡಿಸಿದೆ. ನೂರು ವರ್ಷಕ್ಕೆ ಒಂದು ಸೆಂಟಿಮೀಟರ್. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಬಡಾವಣೆ ಒಂದು ಸೆಂ.ಮೀ.ಗಿಂತ ತುಸು ಆಚೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಐದು ಸೆಂ.ಮೀ. ಹತ್ತಿರ, ಬಂಡೆ ಮೂವತ್ತರಲ್ಲಿ. ಚಾರ್ಟು ಗೋಡೆಗೇರಿತು. ವೀಕ್ಷಣಾ ಪುಸ್ತಕದಲ್ಲಿ "ವಿಷಯ ನಿರೂಪಣೆ ಸ್ಪಷ್ಟವಾಗಿದೆ" ಎಂಬ ಷರಾ, ಒಳ್ಳೆಯ ಅಂಕ.

ಗಂಟೆ ಹೊಡೆಯುವಾಗ ಕೊನೆಯ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಅದಕ್ಕಿಂತ ಮುಂಚೆ ಬಂಡೆ ಜಾಗದಲ್ಲಿ ಏನಿತ್ತು?" ನನಗೆ ಗೊತ್ತಿರಲಿಲ್ಲ. "ಆಮೇಲೆ ಹೇಳ್ತೀನಿ" ಅಂದೆ.

ಉತ್ತರ ಹುಡುಕಿಕೊಂಡು ಭಾನುವಾರ ಲಾಲ್‌ಬಾಗಿಗೆ ಹೋದೆ. ಅಲ್ಲಿರುವುದೂ ಇದೇ ಜಾತಿಯ ನೈಸ್ ಶಿಲೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿದ್ದಾರೆ. ಅದರಲ್ಲಿದ್ದದ್ದು 3000 ಮಿಲಿಯನ್ ವರ್ಷ. ಅಂದರೆ 300 ಕೋಟಿ. ಟಿಪ್ಪಣಿ ಮಾಡಿಕೊಳ್ಳುವಾಗ ‘ಮಿಲಿಯನ್’ ಪದವನ್ನು ನಾನು ಬಿಟ್ಟಿದ್ದೆ.

ಸಹಪಾಠಿಗೆ ಹೇಳಿದರೆ, "ಅಂಕ ಬಂದಾಯ್ತಲ್ಲ, ಸುಮ್ನಿರೇ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಹುಡುಗಿ ನೋಟ್‌ಬುಕ್ಕಿನಲ್ಲಿ 3000ಕ್ಕೆ ಕೆಂಪು ಗೆರೆ ಎಳೆದುಕೊಂಡದ್ದನ್ನು ನೋಡಿದ್ದೆ. ಸೋಮವಾರ ಮಾರ್ಗದರ್ಶಕ ಶಿಕ್ಷಕಿಗೆ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಗೊತ್ತಾಗಲಿಲ್ಲವಲ್ಲ. ನನ್ನ ಪಿರಿಯಡ್ ತಗೊಳ್ಳಿ, ನೀವೇ ಹೇಳಿ" ಎಂದರು.

"ನಮ್ಮ ಚಾರ್ಟು ತಪ್ಪಾ ಮಿಸ್?" ಎಂದು ಹುಡುಗನೊಬ್ಬ ಕೇಳಿದ. "ನಾನು ಹೇಳಿದ್ದು ತಪ್ಪು. ಅದಕ್ಕೇ ಚಾರ್ಟೂ ತಪ್ಪಾಗಿದೆ" ಎಂದೆ. ಹೇಳುವಾಗ ಗಂಟಲು ಒಣಗಿತ್ತು. ಮಕ್ಕಳು ನಗಲಿಲ್ಲ. ಹಾಗಾದರೆ ಬಂಡೆಯನ್ನು ಎಲ್ಲಿ ಗುರುತಿಸಬೇಕು ಎಂದು ಕೇಳಿದರು.

ಲೆಕ್ಕ ಅವರೇ ಮಾಡಿದರು. 300 ಕೋಟಿಯನ್ನು ನೂರರಿಂದ ಭಾಗಿಸಿದರೆ 3 ಕೋಟಿ ಸೆಂ.ಮೀ.; ಅಂದರೆ 3 ಲಕ್ಷ ಮೀಟರ್, 300 ಕಿಲೋಮೀಟರ್. ಹೆಚ್ಚುಕಡಿಮೆ ಮೈಸೂರಿಗೆ ಹೋಗಿ ಬಂದಷ್ಟು ದೂರ! ಕೆಂಪೇಗೌಡರ ಊರು ಬೆರಳುದ್ದದೊಳಗೆ. ಬಂಡೆಗೆ ಮೈಸೂರಿನವರೆಗೆ ಹೋಗಿ ಬಂದರೂ ಸಾಲದು. ಪ್ರಶ್ನೆ ಕೇಳಿದ ಹುಡುಗಿಗೆ, ಈ ಶಿಲೆ ನೆಲದಾಳದ ಶಾಖ ಮತ್ತು ಒತ್ತಡದಲ್ಲಿ ರೂಪುಗೊಂಡದ್ದೆಂದೂ ಮೇಲಿನ ಪದರಗಳು ಸವೆದ ಮೇಲೆ ಹೊರಗೆ ಕಂಡದ್ದೆಂದೂ ಹೇಳಿದೆ. ಭೂಮಿಗೆ ಸುಮಾರು 450 ಕೋಟಿ ವರ್ಷ ಎಂದಾಗ ಅವಳೇ, "ಹಾಗಾದ್ರೆ ಗೆರೆ ಇನ್ನೂ 150 ಕಿಲೋಮೀಟರ್ ಹೋಗ್ಬೇಕು" ಎಂದಳು.

ಸರಿಯಾದ ಅಂಕಿಯನ್ನು ಮೊದಲ ದಿನವೇ ಕೊಟ್ಟಿದ್ದರೆ ಇಷ್ಟು ಕಲಿಸುತ್ತಿದ್ದೆನೇ ಎಂದು ಯೋಚಿಸಿದ್ದೇನೆ. ಬಹುಶಃ ಇಲ್ಲ, ಮಕ್ಕಳು 300 ಕೋಟಿ ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಹಾಗೆಂದು ತಪ್ಪನ್ನು ಸಮರ್ಥಿಸುತ್ತಿಲ್ಲ. ಈಗ ಪಾಠಯೋಜನೆಯಲ್ಲಿ ಪ್ರತಿ ಅಂಕಿಯ ಪಕ್ಕ ಅದರ ಮಾನವನ್ನೂ ಎಲ್ಲಿ ಓದಿದೆ ಎಂಬುದನ್ನೂ ಬರೆಯುತ್ತೇನೆ. ಮೊದಲ ಯೋಜನೆಯ ಹಾಳೆಯನ್ನು ಹರಿಯದೆ, ಎರಡನೆಯದರ ಹಿಂದೆ ಸೇರಿಸಿ ದಾಖಲೆ ಪುಸ್ತಕದಲ್ಲಿ ಒಪ್ಪಿಸಿದ್ದೇನೆ.